ಮೇಡಂ ಕೈ ಮೇಜಿನ ಕೆಳಗ ಇದ್ದ ಪಂಚಮಿ

ಶಿಗ್ಗಾಂವಿ ಬಸ್‌ಸ್ಟ್ಯಾಂಡ್ ಮುಂದ ಒಂದು ಸೋಡಾ ಗಾಡಿ ಐತಿ. ಕಾಲೇಜು ಬಿಟ್ಟಮ್ಯಾಲ ಬಸ್ ಬರೂತನಾ ನಾವು ಹುಡುಗ್ಯಾರು ಅಲ್ಲೇ ಗುಂಪು ಕಟ್ಟಿ ನಿಂದರ್ತೀವಿ. ಮೊನ್ನೆ ಗಾಡಿಯವ ಲಿಂಬಿಹಣ್ಣು ಕೊಯ್ದ ಕೂಡ್ಲೇ ಆ ವಾಸನಿ ಮೂಗಿಗೆ ಬಡೀತು ನೋಡ್ರಿ, ನಾ ನಿಂತಲ್ಲೇ ಏಳನೇತ್ತಾಕ ಹೋಗಿಬಿಟ್ನಿ. ಬಾಜೂಕಿದ್ದ ಗೆಳತಿ, "ಯಾಕಲೇ ಮಂಜಿ, ಹಲ್ಲು ಚುಳ್ ಅಂತೇನು?" ಅಂದ್ಲು. "ಇಲ್ಲಲೇ, ಗಣಿತ ನೆನಪಾತು" ಅಂದ್ನಿ. ಆಕಿ ನನ್ನ ಹಣಿ ಮುಟ್ಟಿ ಜ್ವರ ನೋಡಿದ್ಲು.

ಲಿಂಬಿಹಣ್ಣು ಮೂಸಿ ಗಣಿತ ನೆನಸಾಕಿ ಇಡೀ ಹಾವೇರಿ ಜಿಲ್ಲಾದಾಗ ನಾ ಒಬ್ಬಾಕಿನ ಇರಬೇಕು. ಯಾಕ ಅಂತ ಹೇಳ್ತೇನಿ. ಸ್ವಲ್ಪ ಏರಿಸಿ ಹೇಳ್ತೇನಿ, ನಮ್ಮನ್ಯಾಗ ಚಾದಾಗ ಸಕ್ಕರಿ ಹಾಕೂದ ಹಂಗ.

ನಮ್ಮೂರು ಸವಣೂರಿಗೂ ಶಿಗ್ಗಾಂವಿಗೂ ನಡುವ ಬರ್ತೈತಿ. ಹೆಸರು ಹೇಳಂಗಿಲ್ಲ. ಪಂದ್ಯಾ ಸೋತ ಊರಿನ ಹೆಸರು ಯಾರಿಗೆ ಬೇಕ್ರಿ? ಆ ವರ್ಷ ಜೂನ್‌ದಾಗ ನಮ್ಮ ಗಣಿತ ಮಾಸ್ತರಿಗೆ ವರ್ಗ ಆತು. ಹೊಸಬ್ರು ಬರ್ತಾರ ಬರ್ತಾರ ಅಂತ ನಾವು ಕುಂತ್ವಿ, ಅವ್ರು ಮಳಿಗಿಂತ ತಡಾ ಮಾಡಿದ್ರು. ಕಡೀಕ ಹೆಡ್‌ಮಾಸ್ತರು ಪ್ರಾರ್ಥನಾದಾಗ, "ಹೊಸಾ ಮಾಸ್ತರು ಬರೂತನಾ ಮನ್ಯಾಗ ವಿಡಿಯೋ ನೋಡಿ ಕಲೀರಿ" ಅಂದ್ರು. ಹುಡುಗೂರು ಚಪ್ಪಾಳಿ ಹೊಡದ್ವು. ವಿಡಿಯೋ ಅಂದ್ರ ಕುಣಿಯೂದು ಹಾಡೂದು ಅಂತ ತಿಳದಿದ್ವು ಪಾಪ.

ನಮ್ಮನ್ಯಾಗ ವಿಡಿಯೋ ಓಡೂ ಫೋನು ಒಂದ, ಅದು ಈರಣ್ಣ ಕಾಕಾಂದು. ನಮ್ಮಪ್ಪನ ತಮ್ಮ. ಲಗ್ನ ಆಗಿಲ್ಲ, ಅದಕ್ಕ ಅವನ ಪ್ರೀತಿ ಎಲ್ಲಾ ಫೋನಿನ ಮ್ಯಾಲ. ಅದಕ್ಕ ನಾಕು ಕವರು, ಒಂದರ ಮ್ಯಾಲ ಒಂದು. ಬ್ಯಾಸಿಗ್ಯಾಗ ಅದಕ್ಕ ಬೆವರು ಬರ್ತಿತ್ತು. ಆದ್ರ ನನ್ನ ಮ್ಯಾಲೂ ಅವನಿಗೆ ಜೀವ. ಶಿಗ್ಗಾಂವಿಗೆ ಹ್ವಾದಾಗ ಯಾವುದೋ ಅಂಗಡ್ಯಾಗ ಕುಂತು ಏಳನೇತ್ತಾದ ಗಣಿತ ಪಾಠ ಎಲ್ಲಾ ಒಂದಕ್ಕ ಇಳಿಸ್ಕೊಂಡು ತಂದಾ. "ತಗೋ, ಇಡೀ ಸಾಲೀನೇ ಕಿಸೆದಾಗ ಹಾಕ್ಕೊಂಡು ಬಂದೇನಿ" ಅಂದಾ.

ವಿಡಿಯೋದಾಗ ಒಬ್ರು ಮೇಡಂ ಇದ್ರು. ತೆಳ್ಳಗ, ಕನ್ನಡಕ, ಮೈಸೂರು ಕಡೆ ಮಾತು. ಹಸುರು ಹಲಗಿ ಮುಂದ ನಿಂತು, "ತಿಳೀತಾ ಮಕ್ಕಳೇ?" ಅಂತ ಕೇಳಿ ಸ್ವಲ್ಪ ಸುಮ್ನಾಗ್ತಿದ್ರು, ನಾವು ಉತ್ತರಾ ಕೊಡಲಿ ಅಂತ. ನಾ ಬಾಯಿ ತೆಗ್ಯೂದರಾಗ ಅಡಗಿಮನಿಯಿಂದ ನಮ್ಮವ್ವ, "ತಿಳೀತ್ರೀ!" ಅಂತಿದ್ಲು. ಅವ್ವ ಎರಡನೇತ್ತಾಕ ಸಾಲಿ ಬಿಟ್ಟಾಕಿ. ಆದ್ರ ದೊಡ್ಡವ್ರು ಕೇಳಿದಾಗ ಮಾತಾಡ್ಲಾರದ ಇರೂದು ಆಕಿಗೆ ಬರಂಗಿಲ್ಲ. ಒಂದಿನ ರೊಟ್ಟಿ ಹಿಟ್ಟಿನ ಕೈಲೇ ಬಂದು ನೋಡಿ, "ಏನಲೇ, ಎಷ್ಟೊತ್ತಾತು ಆ ಅಕ್ಕೋರು ನಿಂತ ಅದಾರ. ಅಲ್ಲಿ ಒಂದು ಕುರ್ಚಿ ಕೊಡೂವ್ರು ಯಾರೂ ಇಲ್ಲೇನು?" ಅಂದ್ಲು.

ನಾ ಭಾಳ ಶಾಣ್ಯಾಕಿ ಅಂತ ಆ ತಿಂಗಳ ನನಗ ಗೊತ್ತಾತು. ಮಾಸ್ತರಿದ್ದಾಗ ಗೊತ್ತಾಗಿರಲಿಲ್ಲ, ಅವರಿಗೂ ಗೊತ್ತಾಗಿರಲಿಲ್ಲ. ವಿಡಿಯೋದಾಗ ಏನು ಚಂದ ಅಂದ್ರ, ತಿಳೀಲಿಲ್ಲ ಅಂದ್ರ ಹಿಂದಕ ಎಳದು ಮತ್ತ ಕೇಳಬಹುದು. ಮೇಡಂಗೆ ಸಿಟ್ಟ ಬರಂಗಿಲ್ಲ. ಭಿನ್ನರಾಶಿ ಪಾಠ ನಾ ಎಷ್ಟು ಸಲ ಹಿಂದಕ ಎಳದ್ನಿ ಅಂದ್ರ, ಖರೇ ಮೇಡಂ ಆಗಿದ್ರ ರಾಜೀನಾಮಿ ಕೊಡ್ತಿದ್ರು. ಸರಾಸರಿ ಕಲತ ದಿನ ಮನ್ಯಾಗಿದ್ದ ಎಲ್ಲಾದರದೂ ಸರಾಸರಿ ತೆಗದ್ನಿ. ನಮ್ಮ ನಾಕು ಎಮ್ಮಿಗಳ ಸರಾಸರಿ ಹಾಲು ಹೇಳಿದ್ರ, ಅಪ್ಪ, "ಗೊಡ್ಡು ಎಮ್ಮೀನೂ ಹಾಲು ಕೊಡ್ತೈತಿ ಅಂದಂಗಾತಲ್ಲ ನಿನ್ನ ಲೆಕ್ಕದಾಗ!" ಅಂದಾ. "ಹೂನಪ್ಪ, ಗಣಿತದಾಗ ಕೊಡ್ತೈತಿ" ಅಂದ್ನಿ.

ಆಮ್ಯಾಲ ಬಂತು ಪೂರ್ಣಾಂಕಗಳ ಪಾಠ. ಒಂದು ಗೆರಿ, ಸೊನ್ನಿ ನಡುವ, ಬಲಕ್ಕ ಧನ, ಎಡಕ್ಕ ಋಣ. ಕೂಡೂದು ಕಳಿಯೂದು ನೀರು ಕುಡದಂಗ ಕಲತ್ನಿ. ಆಮ್ಯಾಲ ಮೇಡಂ ಹಲಗಿ ಮ್ಯಾಲ ಬರದ್ರು: ಋಣ ಗುಣಿಸು ಋಣ, ಧನ.

ನನಗ ತೆಲಿ ಗಿರ್ ಅಂತು. ಎರಡು ಇಲ್ಲದ್ದು ಗುಣಿಸಿದ್ರ ಇರೂದು ಹೆಂಗ ಬರ್ತೈತಿ? ಮೇಡಂಗೆ ನನ್ನ ಮಾರಿ ಕಂಡಿರಬೇಕು. "ಯಾಕೆ ಅಂತ ಅನ್ನಿಸ್ತಿದೆ ಅಲ್ವಾ? ಯಾರ ಮಾತನ್ನೂ ಸುಮ್ಮನೆ ನಂಬಬೇಡಿ. ಒಂದು ತಮಾಷೆ ತೋರಿಸ್ತೀನಿ, ನೋಡಿ" ಅಂತ ನಕ್ಕೋತ ಮೇಜಿನ ಕೆಳಗ ಎರಡೂ ಕೈ ಹಾಕಿದ್ರು. ಏನೋ ತೆಗ್ಯಾಕ ಬಗ್ಗಿದ್ರು. ಅಷ್ಟರಾಗ ಈರಣ್ಣ ಕಾಕಾ ಬಂದು ಫೋನ್ ಕಸ್ಕೊಂಡಾ.

"ಕಾಕಾ! ಮೇಡಂ ಕೈ ಮೇಜಿನ ಕೆಳಗ ಅದಾವ!"

"ಇರ್ಲಿ ಬಿಡು, ಎಲ್ಲಿ ಹೊಕ್ಕಾವ. ನಾಳಿ ಪಂಚಮಿ, ಪಂದ್ಯಾ ಆಡ್ಬೇಕು, ಊರಾಗ ನನ್ನ ಮರ್ಯಾದಿ ಪ್ರಶ್ನಿ."

ನಮ್ಮ ಕಡೆ ನಾಗರ ಪಂಚಮಿ ಅಂದ್ರ ಹೆಣ್ಮಕ್ಕಳಿಗೆ ಜೋಕಾಲಿ, ಉಂಡಿ. ಗಂಡಸರಿಗೆ ಲಿಂಬಿಹಣ್ಣು. ಒಗ್ಯಾಕ್ರಿ, ತಿನ್ನಾಕಲ್ಲ. ಒಂದೂರಿನ ಅಗಸಿಯಿಂದ, ಅಂದ್ರ ಊರ ಬಾಗಲದಿಂದ, ಇನ್ನೊಂದೂರಿನ ಅಗಸಿತನಾ ಎಷ್ಟು ಒಗತದಾಗ ಲಿಂಬಿಹಣ್ಣು ಮುಟ್ಟಸ್ತೀಯ ಅನ್ನೂದ ಪಂದ್ಯಾ. ಎಷ್ಟು ಅಂತ ಮೊದಲ ಹೇಳಿ, ಬಿದ್ದಲ್ಲಿಂದ ಎತ್ತಿ ಮತ್ತ ಮತ್ತ ಒಗದು, ಅಷ್ಟರಾಗ ಮುಟ್ಟಸ್ಬೇಕು. ಹಿಂದ ಇಡೀ ಊರು ಕೂಗಿಕೋತ ಓಡ್ತೈತಿ. ಆ ಸಲ ಕಾಕಾಗ ಎದುರು ನಿಂತವ ಬಾಜೂ ಊರಿನ ದಾದಾಪೀರ, ಮೂರು ಗಾಲಿ ಟಂಟಂ ಗಾಡಿ ಓಡಸ್ತಿದ್ದ. ಅವನ ಟಂಟಂನ್ಯಾಗಿದ್ದ ದೊಡ್ಡ ಸ್ಪೀಕರಿನ ಮ್ಯಾಲ ಕಾಕಾನ ಕಣ್ಣು. ದಾದಾಪೀರ, "ನೀ ಏನು ಇಡ್ತಿ?" ಅಂದಿದ್ದಕ್ಕ, ನಮ್ಮ ಕಾಕಾ ಎದಿ ಉಬ್ಬಿಸಿ ಫೋನ್ ಇಟ್ಟಿದ್ದ.

ನನ್ನ ಫೋನು! ಅಂದ್ರ ಕಾಕಾನ ಫೋನು. ಆದ್ರ ಒಳಗ ಇದ್ದ ಮೇಡಂ ನನ್ನವ್ರು.

ಹಿಂಗಾಗಿ ಕಾಕಾನ ಗೆಲ್ಲಿಸೂದು ನನ್ನ ಜವಾಬ್ದಾರಿ ಆತು. "ಕಾಕಾ, ನೀ ಎಷ್ಟು ಒಗತ ಅಂತ ಹೇಳ್ಬೇಕು ಅನ್ನೂದು ನಾ ಲೆಕ್ಕಾ ಹಾಕ್ತೇನಿ, ಸರಾಸರಿ" ಅಂದ್ನಿ. ಕಾಕಾ ನನ್ನ ಹೆಂಗ ನೋಡಿದಾ ಅಂದ್ರ, ಜಾತಕಾ ನೋಡೂ ಸ್ವಾಮಿಗೋಳ ಮುಂದ ಕುಂತಂಗ. ಸಂಜಿಮುಂದ ನಮ್ಮ ಮನಿ ಮುಂದಿನ ಸಿಮೆಂಟ್ ರಸ್ತಾದಾಗ ಒಗಿಸಿದ್ನಿ. ಲಿಂಬಿಹಣ್ಣು ಬಿದ್ದು, ಪುಟದು, ಉರಳಿ, ಹುರಪಿಲೆ ಹೊಂಟ್ಹೋಗ್ತಿದ್ವು. ಅಳದ್ನಿ, ಕೂಡಿಸಿದ್ನಿ, ಭಾಗಿಸಿದ್ನಿ. ಬಂದ ಉತ್ತರಾ ಕಾಕಾನ ಕಿವ್ಯಾಗ ಹೇಳಿದ್ನಿ. ಮರುದಿನ ಅಗಸ್ಯಾಗ ಕಾಕಾ ಆ ಅಂಕಿ ಕೂಗಿದ ಕೂಡ್ಲೇ ಮಂದಿ "ಓಹೋ" ಅಂದ್ರು. ಅಷ್ಟು ಕಡಿಮಿ ಒಗತದಾಗ ಆ ದಾರಿ ಯಾರೂ ಮುಟ್ಟಿರಲಿಲ್ಲ. ದಾದಾಪೀರ ಮೀಸಿ ಒಳಗ ನಕ್ಕಾ. "ಈರಣ್ಣ, ರಾತ್ರಿ ಮಳಿ ಆಗೇತಿ, ನೋಡೀಯಿಲ್ಲೊ?" ಅಂದಾ.

"ನಮ್ಮ ಮಂಜಿ ಲೆಕ್ಕಾ ಹಾಕ್ಯಾಳ" ಅಂದಾ ಕಾಕಾ.

ನನ್ನ ಸರಾಸರಿ ಕರೆಕ್ಟ್ ಇತ್ತು. ರಸ್ತಾ ತಪ್ಪಿತ್ತು. ಇವತ್ತಿಗೂ ನಾ ಅದನ್ನ ಹೇಳಾಕಿ. ಕರೇ ಎರಿಮಣ್ಣಿನ ದಾರಿ, ಶ್ರಾವಣದ ಜಿಟಿಜಿಟಿ ಮಳಿ. ಕಾಕಾ ಕೈ ತಿರುವಿ ಒಗದ್ರ, ಲಿಂಬಿಹಣ್ಣು ಪುಟಿಯೂದಿಲ್ಲ ಉರುಳೂದಿಲ್ಲ. ಬಿದ್ದಲ್ಲೇ ಪಚ್ ಅಂತ ಕುಂದರ್ತಿತ್ತು, ಮನಿ ಅಳಿಯಾ ಕುಂತಂಗ. ಹೆಂಗೋ ತ್ವಾಳಿನ ಜೋರಿನ ಮ್ಯಾಲ ಅರ್ಧಾ ದಾರಿ ದಾಟಿದಾ. ಅಷ್ಟರಾಗ ಒಂದು ಎಮ್ಮಿ ಅಡ್ಡ ಬಂತು. ಕಾಕಾ ಒಗದ ಹಣ್ಣು ಅದರ ಪಕ್ಕಡಿಗೆ ಬಡದು ವಾಪಸ್ ಬಂದು ಕಾಕಾನ ಹಿಂದ ಬಿತ್ತು. ಗದ್ಲ ಅಂದ್ರ ಗದ್ಲ! "ಇದು ಒಗತಾ ಅಲ್ಲ" ಅಂತ ನಮ್ಮೂರವ್ರು, "ಬಿದ್ದಲ್ಲಿಂದನ ಒಗೀಬೇಕು" ಅಂತ ಅವ್ರು. ನನಗ ಮಾತ್ರ ಮೈ ಝುಂ ಅಂತು. ಋಣ ಸಂಖ್ಯಾನ ಕಣ್ಣಾರೆ ನೋಡಿದ್ನಿ! "ಕಾಕಾ, ಅದು ಮೈನಸ್ ಒಗತ!" ಅಂತ ಚೀರಿದ್ನಿ. ಕಾಕಾ, "ನೀ ಬಾಯಿ ಮುಚ್ಚು" ಅಂದಾ. ನಮ್ಮ ಮನೆತನದಾಗ ಗಣಿತಕ್ಕ ಅದ ಮೊದಲನೇ ಸತ್ಕಾರ.

ಕಾಕಾ ಸೋತಾ. ಅವರೂರ ಅಗಸಿ ಕಣ್ಣಿಗೆ ಕಾಣ್ತಿತ್ತು, ಒಗತ ಮುಗದಿದ್ವು. ಅಲ್ಲೇ ನಿಂತು ನಾಕು ಕವರಿನ ಸಮೇತ ಫೋನು ದಾದಾಪೀರನ ಕೈಯಾಗ ಇಟ್ಟಾ. ದಾದಾಪೀರ ಭಾಳ ನ್ಯಾಯದ ಮನಷಾ. "ಪಂದ್ಯಾ ಫೋನಿಂದು, ಸಿಮ್ಮಿಂದಲ್ಲ" ಅಂತ ಸಿಮ್ ತೆಗದು ವಾಪಸ್ ಕೊಟ್ಟಾ.

"ಕಾಕಾ, ಒಂದ ಐದು ನಿಮಿಷ ಇಸ್ಕೊಂಡು ಬಾ, ಮೇಡಂ ಮೇಜಿನ ಕೆಳಗಿಂದ ಏನು ತೆಗದ್ರು ನೋಡಿ ಕೊಡೂಣು" ಅಂದ್ನಿ.

"ಪಂಚಮಿ ಪಂದ್ಯಾದಾಗ ಕೊಟ್ಟದ್ದು ತಿರುಗಿ ಕೇಳಬಾರದವಾ. ಕೇಳಿದವಗೂ ಅವಮಾನ, ಕೊಟ್ಟವಗೂ ಅವಮಾನ" ಅಂದಾ. ಅದು ನಮ್ಮ ಕಡೆ ರಿವಾಜು. ಗೆದ್ದ ಸಾಮಾನು ಗೆದ್ದವರ ಕೈ ಬಿಟ್ಟು ಹೋಗಂಗಿಲ್ಲ.

ಆಮ್ಯಾಲಿನ ದಿನಗೋಳು ಹೆಂಗ ಕಳದ್ನಿ, ಅದನ್ನ ನೀವು ಕೇಳಬ್ಯಾಡ್ರಿ, ನಾನ ಹೇಳ್ತೇನಿ. ಉಂಡಿ ಗಂಟಲದಾಗ ಇಳೀವಲ್ದು. ಶೇಂಗಾ ಉಂಡಿ, ಎಳ್ಳುಂಡಿ, ಬೇಸನುಂಡಿ, ಯಾವೂ ಇಳೀವಲ್ವು. ಆದ್ರೂ ತಿಂದ್ನಿ. ಜೋಕಾಲಿ ಮ್ಯಾಲ ಕುಂತ್ರೂ ಅದ ವಿಚಾರ. ಋಣ ಗುಣಿಸು ಋಣ ಧನ, ಯಾಕ? ಅಪ್ಪನ ಕೇಳಿದ್ನಿ. "ಪುಸ್ತಕದಾಗ ಐತಲ್ಲ, ಮುಗೀತು" ಅಂದಾ. ಹೆಡ್‌ಮಾಸ್ತರನ ಕೇಳಿದ್ನಿ. "ನಾ ಸಮಾಜ ವಿಜ್ಞಾನ" ಅಂದ್ರು. ಮೇಜಿನ ಕೆಳಗ ಏನಿತ್ತು? ತಕ್ಕಡಿ? ಕನ್ನಡಿ? ಪಾರಿವಾಳ? ಅವ್ವನ ಪ್ರಕಾರ ಮೇಡಂ ಕಡೀಕೂ ಕುರ್ಚಿ ತಗೊಂಡಿರಬೇಕು.

ಒಂದಿನ ಮಧ್ಯಾಹ್ನ ಅವ್ವನ ಬಟನ್ ಫೋನಿಗೆ ಕಾಲ್ ಬಂತು, ನಾ ಎತ್ತಿದ್ನಿ. ಹುಡುಗಿ ಧ್ವನಿ.

"ನಾ ನಸೀಮಾ ರೀ, ದಾದಾಪೀರನ ಮಗಳು. ನಿಮ್ಮ ಫೋನಿನ್ಯಾಗ 'ವೈನಿ' ಅಂತ ಅತ್ತಿಗಿ ನಂಬರ್ ಇತ್ತು, ಅದಕ್ಕ ಅಪ್ಪನ ಫೋನಿಂದ ಹಚ್ಚೇನಿ. ನಾನೂ ಏಳನೇತ್ತಾ. ಇದರಾಗ ಒಬ್ರು ಮೇಡಂ ಅದಾರ. ಕೈ ಮೇಜಿನ ಕೆಳಗ ಇಟ್ಕೊಂಡು ನಿಂತಾರ. ಒತ್ತಲೋ ಬ್ಯಾಡೋ?"

ನಾ ಫೋನು ಕಿವಿಗೆ ಒತ್ತಿ ಹಿಡದ್ನಿ. "ಇನ್ನೂ ಒತ್ತಿಲ್ಲೇನು?"

"ನೀವು ನೋಡೂದ್ರಾಗ ನಿಂತೈತಿ ಅಂತ ಅಪ್ಪ ಅಂದಾ. ಯಾರೋ ಅರ್ಧಾ ಉಂಡಿದ್ದ ತಾಟು ಎಳಕೊಂಡಂಗ ಆಗ್ತೈತಿ ಅಂತ ಹಂಗ ಬಿಟ್ಟೇನಿ. ಆದ್ರ ನನಗೂ ಅದ ಬೇಕ್ರಿ. ನಮ್ಮ ಸರ್‌ಗ ಮೈನಸ್ ಮೈನಸ್ ಪ್ಲಸ್ ಯಾಕ ಅಂತ ಕೇಳಿದ್ರ ಕಿವಿ ಹಿಂಡಿದ್ರು."

"ಒತ್ತ ತಂಗಿ, ಒತ್ತು! ಮೊದಲು ಏನು ತೆಗದ್ರು ಅದನ್ನ ಹೇಳು."

ಒತ್ತಿದ್ಲು. ಸ್ವಲ್ಪ ಹೊತ್ತು ಬರೇ ಮೇಡಂ ಧ್ವನಿ, ಡಬ್ಬ್ಯಾಗಿಂದ ಮಾತಾಡಿದಂಗ. ಆಮ್ಯಾಲ ನಸೀಮಾ, "ಕಾರ್ರಿ" ಅಂದ್ಲು.

"ಎಂಥಾ ಕಾರು?"

"ಆಟಗಿ ಕಾರು. ಕೆಂಪಂದು. ಸೊನ್ನಿ ಮ್ಯಾಲ ಇಟ್ರು. ಈಗ ಕಾರಿನ ಮಾರಿ ತಿರುಗಿಸಿದ್ರು."

"ಯಾಕಡೆ?"

"ಶಿಗ್ಗಾಂವಿ ಕಡೆ."

ನೋಡ್ರಿ, ನಮ್ಮ ಮಂದಿಗೆ ಎಡಾ ಬಲಾ ಅಂತ ಹೇಳೂ ರೂಢಿನ ಇಲ್ಲ. ತೆಲಿಮ್ಯಾಲಿನ ಹೇನು ಹುಡುಕೂವಾಗೂ "ಸ್ವಲ್ಪ ಸವಣೂರ ಕಡೆ ಕೆರಿ" ಅಂತಾರ. ನಾನೂ ಅದ ಊರಾಗ ಹುಟ್ಟಿದಾಕಿ, ನನಗೂ ಏನೂ ತಪ್ಪು ಅನಸಲಿಲ್ಲ. ಕಾರ್ ಇಲ್ಲದ್ದಕ್ಕ ಒಂದು ಬೆಲ್ಲದ ಹೆಂಟಿ ತಗೊಂಡು ನೆಲದ ಮ್ಯಾಲ ಗೆರಿ ಹೊಡದು ಕುಂತ್ನಿ. ಹೆಂಟಿ ಮಾರಿ ಶಿಗ್ಗಾಂವಿ ಕಡೆ.

"ಆತು. ಮುಂದ?"

"ಈಗ ರಿವರ್ಸ್ ಬರಾಕತ್ತೈತಿ. ಹಿಂದ ಹಿಂದ. ಸವಣೂರ ಕಡೆ ಬಂತು. ಮೇಡಂ 'ನೋಡಿದ್ರಾ, ಧನ!' ಅನ್ನಾಕತ್ತಾರ."

ನಾನೂ ಬೆಲ್ಲಾ ಸವಣೂರ ಕಡೆ ಜಗ್ಗಿದ್ನಿ. ಅದು ಸೊನ್ನಿ ಬಿಟ್ಟು ಎಡಕ್ಕ ಬಂತು. ಋಣ!

"ತಪ್ಪು. ಇಲ್ಲೆ ಮೈನಸ್ ಬಂತು."

"ಇಲ್ರಿ, ಪ್ಲಸ್."

"ನಾ ಕಣ್ಣಾರೆ ನೋಡಾಕತ್ತೇನಿ, ಮೈನಸ್!"

"ನಾನೂ ಕಣ್ಣಾರೆ ನೋಡಾಕತ್ತೇನಿ!"

ಮತ್ತ ಹಿಂದಕ ಎಳಿಸಿದ್ನಿ, ಮತ್ತ ಓಡಿಸಿದ್ನಿ. ಆಕಿ ಕಡೆ ಪ್ಲಸ್, ನನ್ನ ಕಡೆ ಮೈನಸ್. ಒಂದ ವಿಡಿಯೋ, ಎರಡು ಊರಾಗ ಎರಡು ಉತ್ತರಾ! ಅಷ್ಟರಾಗ ಅವ್ವ ಬಂದು ಬೆಲ್ಲದ ಹೆಂಟಿ ಎತ್ತಿ ಡಬ್ಬಿಗೆ ಹಾಕಿದ್ಲು, ಲೆಕ್ಕನೂ ಮುಗೀತು. ನಸೀಮಾನ ಧ್ವನಿ ಸಣ್ಣಾಗಿತ್ತು. "ನೀವ ಇಲ್ಲೆ ಬಂದು ನೋಡ್ರಿ. ಒಬ್ಬಾಕಿನ ನೋಡಿದ್ರ ಸರಿ ಐತೋ ಇಲ್ಲೋ ಗೊತ್ತ ಆಗವಲ್ದು" ಅಂದ್ಲು.

ಕಾಕಾ ಬರಾಕ ಒಪ್ಪಲಿಲ್ಲ. "ಸೋತು ಬಂದ ಊರಿಗೆ ಯಾವ ಮಾರಿ ಹೊತ್ತು ಬರ್ಲಿ?" "ಫೋನು ಕೇಳಾಕ ಹೋಗೂದಿಲ್ಲ, ಮೇಡಂನ ಭೆಟ್ಟಿ ಆಗಾಕ ಹೋಗೂದು" ಅಂದ್ನಿ. ಅವ್ವ ಒಂದು ಡಬ್ಬಿ ಉಂಡಿ ಕಟ್ಟಿ ಕೊಟ್ಲು. ಉಂಡಿ ಡಬ್ಬಿ ಕೈಯಾಗ ಇದ್ರ ನಮ್ಮ ಕಡೆ ಯಾವ ಮನಿಗೂ ಹೋಗಬಹುದು. ಕಡೀಕ ಕಾಕಾನೂ ನನ್ನ ಬೆನ್ನ ಹತ್ತಿ ಬಂದಾ.

ನಸೀಮಾ ನನಗಿಂತ ಗಿಡ್ಡ, ಎರಡು ಜಡಿ. ಭಾಳ ಮಾತಿಲ್ಲ, ಕಣ್ಣು ಮಾತ್ರ ಎಲ್ಲಾ ಕೇಳ್ತಿದ್ವು. ಪಡಸಾಲ್ಯಾಗ ಕುಂದರ್ಸಿ ಆಕಿ ಫೋನ್ ತೆಗದ್ಲು. ನಾ ಮೊದಲು ಮೇಡಂನ ನೋಡಿದ್ನಿ, ಆಮ್ಯಾಲ ಕಾರು, ಆಮ್ಯಾಲ ಆಕಿ ಕುಂತ ದಿಕ್ಕು. ಆಕಿ ಮಾರಿ ಬಡಗಲಕ್ಕ. ಶಿಗ್ಗಾಂವಿ ಎಡಕ್ಕ, ಸವಣೂರು ಬಲಕ್ಕ. ನಮ್ಮನ್ಯಾಗ ನಾ ಕುಂತಿದ್ದು ತೆಂಕಲ ಮಾರಿ! ನನಗ ಸವಣೂರು ಎಡಕ್ಕಿತ್ತು. ಇಬ್ರೂ ಒಂದ ಸಲ ಎದ್ದು ನಿಂತು ಒಬ್ರ ಮಾರಿ ಒಬ್ರು ನೋಡಿ, ಬಿದ್ದು ಬಿದ್ದು ನಕ್ವಿ. ಉಂಡಿ ತಿನ್ನಾಕತ್ತಿದ್ದ ದಾದಾಪೀರಗ ಕೆಮ್ಮು ಹತ್ತಿತು.

"ಏನಾತು ಹೇಳ್ರಿ, ನಾವೂ ನಗ್ತೀವಿ" ಅಂದಾ.

ನಾ ಶುರು ಹಚ್ಚಿದ್ನಿ. "ನೋಡ್ರಿ ದಾದಾಪೀರ ಕಾಕಾ, ಕಾರಿನ ಮಾರಿ ಉಲ್ಟಾ ಮಾಡೂದು ಒಂದು ಮೈನಸ್. ರಿವರ್ಸ್ ಹೊಡಿಯೂದು ಇನ್ನೊಂದು ಮೈನಸ್. ಎರಡೂ ಮಾಡಿದ್ರ..." ಅವನಿಗೆ ತಿಳೀಲಿಲ್ಲ. ನಮ್ಮ ಈರಣ್ಣ ಕಾಕಾಗೂ ತಿಳೀಲಿಲ್ಲ, ಆದ್ರ ತಿಳದಂಗ ತೆಲಿ ಅಲ್ಲಾಡಿಸಿದಾ. ಆಗ ನಸೀಮಾ ಆ ದಿನದ ಒಂದ ಒಂದು ದೊಡ್ಡ ಮಾತು ಆಡಿದ್ಲು.

"ಅಪ್ಪಾ, ಟಂಟಂ ತೆಗೀರಿ. ಇವರನ್ನ ಊರಿಗೆ ಬಿಟ್ಟು ಬರೂದ ಐತೆಲ್ಲ. ಗಾಡಿ ಮಾರಿ ಶಿಗ್ಗಾಂವಿ ಕಡೆ ಮಾಡಿ ಬಿಟ್ಟು ಬರ್ರಿ."

"ಅವರೂರು ಸವಣೂರ ಕಡೆ ಐತವಾ."

"ಹೂನ್ರಿ. ರಿವರ್ಸ್ ಹೊಡೀರಿ."

ದಾದಾಪೀರ ಮಗಳ ಮಾರಿ ನೋಡಿದಾ. ಫೋನಿನ್ಯಾಗ ನಗೂ ಮೇಡಂನ ನೋಡಿದಾ. ಆಮ್ಯಾಲ ಪಂದ್ಯಾದ ಮನಷಾ ಎದ್ದು ನಿಂತಾ. "ಪೂರ್ತಿ ದಾರಿ ರಿವರ್ಸ್ ಹೊಡದು ತೋರಿಸಿದ್ರ ಏನು ಕೊಡ್ತಿ ಈರಣ್ಣ?" ಅಂದಾ. "ಕೊಡಾಕ ಇನ್ನ ಏನ ಉಳದೈತೊ ಮಾರಾಯಾ?" ಅಂದಾ ನಮ್ಮ ಕಾಕಾ.

ಹೊಂಟ್ವಿ ನೋಡ್ರಿ. ಟಂಟಂ ಮಾರಿ ಶಿಗ್ಗಾಂವಿ ಕಡೆ, ನಾವು ಸವಣೂರ ಕಡೆ. ದಾದಾಪೀರ ಕುತಗಿ ಪೂರ್ತಿ ಹಿಂದಕ ತಿರುವಿ, ಒಂದ ಕೈಲೇ ಹ್ಯಾಂಡಲ್ ಹಿಡದು, ಗಾಡಿ ಟೀಂ ಟೀಂ ಅಂತ ಒದರಿಕೋತ ಬರ್ತೈತಿ. ಅದ ದಾರಿ, ಅದ ಎರಿಮಣ್ಣು. ನಸೀಮಾ ಫೋನ್ ಎದಿಗೆ ಅವಚ್ಕೊಂಡು ನನ್ನ ಬಾಜೂಕ. ಎದುರು ಬಂದ ಸೈಕಲ್‌ನವ್ರು ಇಳದು ನಿಂತು ನೋಡಿದ್ರು. ಒಂದು ಮುದುಕಿ, "ಯಾಕೋ ದಾದಾ, ಏನರ ಮರತ ಬಂದಿಯೇನೋ?" ಅಂದ್ಲು. ಕಾಕಾ ಮೊದಲು ಟಾವೆಲ್‌ಲೇ ಮಾರಿ ಮುಚ್ಕೊಂಡಿದ್ದ. ಅರ್ಧಾ ದಾರಿ ದಾಟಿದಮ್ಯಾಲ ಟಾವೆಲ್ ತೆಗದಾ. "ಮಂಜಿ" ಅಂದಾ ಸಾವಕಾಶ, "ಗಾಡಿ ನಮ್ಮೂರಿಗೆ ಬೆನ್ನು ಮಾಡೇತಿ. ಹಿಂದಕ ಹಿಂದಕ ಹೊಂಟೈತಿ. ಆದ್ರೂ ನಾವು ಮನೀ ಸನೇಕ ಬರಾಕತ್ತೀವಿ." ನಾ ಸುಮ್ನ ಕುಂತ್ನಿ. ಹುಟ್ಟಿದಾಗಿಂದ ನಾ ಸುಮ್ನ ಕುಂತಿದ್ದು ಅದ ಮೊದಲು. ಅವನ ಮಾರಿ ನೋಡಾಕ ಅಷ್ಟು ಚಂದಿತ್ತು.

ಅಗಸ್ಯಾಗ ಹುಡುಗೂರು ಕೇಕಿ ಹಾಕಿದ್ವು. ಮನಿ ಮುಂದ ಟಂಟಂ ನಿಂತಿತು. ದಾದಾಪೀರ ಇಳೀಲಿಲ್ಲ.

"ಬರ್ರಿ ಅಣ್ಣಾರ, ಚಾ ಕುಡೀರಿ" ಅಂದ್ಲು ಅವ್ವ.

"ಬರ್ತೇನಿ ಯವ್ವಾ. ಕುತಗಿ ಬರವಲ್ದು."

ಖರೇನ ಅವನ ಕುತಗಿ ಹಿಡಕೊಂಡುಬಿಟ್ಟಿತ್ತು. ಮೈಯೆಲ್ಲಾ ಶಿಗ್ಗಾಂವಿ ಕಡೆ, ಮಾರಿ ಸವಣೂರ ಕಡೆ. ಅವ್ವ ಎಣ್ಣಿ ಬಿಸಿ ಮಾಡಿ ತಂದ್ಲು, ಅಪ್ಪ ತಿಕ್ಕಿದಾ, ದಾದಾಪೀರ "ಯಾ ಅಲ್ಲಾ" ಅಂದಾ, ತೆಲಿ ಮಾತ್ರ ಹೊಳ್ಳಲಿಲ್ಲ. ಈರಣ್ಣ ಕಾಕಾನೇ ಟಂಟಂ ಓಡಿಸ್ಕೊಂಡು ದಾದಾಪೀರನ್ನ, ನಸೀಮಾನ್ನ ಅವರೂರಿಗೆ ಬಿಟ್ಟು ಬಂದಾ, ಮುಂದ ಮುಂದ.

ಆ ಕುತಗಿ ಸರಿ ಹೋಗಾಕ ಎಷ್ಟು ದಿನಾ ಹಿಡೀತು ಅಂತ ಕೇಳಿದ್ರ ನಾ ದಸರಾತನಾ ಅಂತೇನಿ, ನಸೀಮಾ ಒಂದು ವಾರ ಅಂತಾಳ. ಅಲ್ಲೀತನಾ ಅವನ ಬದಲಿ ನಮ್ಮ ಕಾಕಾನೇ ಟಂಟಂ ಓಡಸ್ತಿದ್ದ, ಆ ದೊಡ್ಡ ಸ್ಪೀಕರ್ ಹಚ್ಕೊಂಡು, ರಾಜನ ಹಂಗ. ಸವಣೂರಿಗೆ ಮಂದೀನ ಬಿಡಾಕ ಹೋಗೂವಾಗ ಮುಂಜಾನೆ ನಮ್ಮನಿ ಮುಂದ ಗಾಡಿ ನಿಲ್ಲಿಸಿ ನಸೀಮಾನ್ನ ಇಳಸ್ತಿದ್ದ, ಹೊಳ್ಳಿ ಬರೂವಾಗ ಹತ್ತಿಸ್ಕೊಂಡು ಹೋಗ್ತಿದ್ದ. ಸಾಲಿ ಗಂಟಿ ಹೊಡಿಯೂತನಾ ಟೈಂ ಇರ್ತಿತ್ತು. ಕುತಗಿ ನೆಟ್ಟಗಾದಮ್ಯಾಲೂ ಆ ಸ್ಟಾಪು ತಪ್ಪಲಿಲ್ಲ. ಹೊಸಾ ಮಾಸ್ತರು ಬಂದಮ್ಯಾಲೂ ತಪ್ಪಲಿಲ್ಲ.

ರಿವಾಜು ಯಾರೂ ಮುರೀಲಿಲ್ಲ ಮತ್ತ. ನಾವು ಫೋನ್ ತಿರುಗಿ ಕೇಳಲಿಲ್ಲ, ಅವ್ರು ತಿರುಗಿ ಕೊಡಲಿಲ್ಲ. ಫೋನು ನಸೀಮಾನ ಕೈಯಾಗ ಇತ್ತು. ನಸೀಮಾ ನಮ್ಮನಿ ಕಟ್ಟಿ ಮ್ಯಾಲ ಇದ್ಲು, ನನ್ನ ಬಾಜೂಕ, ಇಬ್ರೂ ಬಡಗಲ ಮಾರಿ ಮಾಡಿ.